ಸಂಸ್ಥಾನಗಳ ಸೀಮೆಯಲ್ಲಿ ಪ್ರಜಾಸತ್ತೆ ಬಂದ ಬಗೆ

ಘಟಪ್ರಭೆಯು ಮುಧೋಳವನ್ನು ದಾಟಿ ಮೂಡಣಕ್ಕೆ ಹರಿದು ಬೀಳಗಿ ಸೀಮೆಯ ಅನಗವಾಡಿಯನ್ನು ಸೇರುವಷ್ಟರಲ್ಲಿ ಒಂದು ರಾಜ್ಯವನ್ನು ಬಿಟ್ಟು ಮತ್ತೊಂದನ್ನು ಹೊಕ್ಕಿರುತ್ತಿತ್ತು. ಇದು 1948ರ ಮೊದಲಿನ ಮಾತು. ಮುಧೋಳದಲ್ಲಿ ಘೋರ್ಪಡೆ ಮನೆತನದ ಆಳಿಕೆ, ಜಮಖಂಡಿಯಲ್ಲಿ ಪಟವರ್ಧನರದು. ಬನಹಟ್ಟಿಯು ಜಮಖಂಡಿಗೆ ಸೇರಿದ್ದರೆ, ಅದರ ಮಗ್ಗುಲಿನ ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಎರಡೂ ನೇಕಾರರ ಊರುಗಳೇ. ಕಸುಬು ಒಂದು, ಮಾತು ಒಂದು, ದೊರೆಗಳು ಮಾತ್ರ ಬೇರೆ. ಇತ್ತ ಅನಗವಾಡಿ, ಬೀಳಗಿಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ ಖಾಲಸಾ ಮುಲುಕು, ಅಂದರೆ ಇಂಗ್ರೇಜರ ನೇರವಾದ ಆಡಳಿತದ ಪ್ರದೇಶ.

ಅರಸೊತ್ತಿಗೆಯು ಪ್ರಜಾಸತ್ತೆಯಾಗುವುದು ಹೇಗೆಂಬುದನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಯುರೋಪಿನ ಚರಿತ್ರೆಯನ್ನು ತಿರುವಿಹಾಕುತ್ತಾರೆ. ನಮ್ಮವರು ಅಷ್ಟು ದೂರ ಹೋಗಬೇಕಾದುದಿಲ್ಲ. ಆದರೂ ಡಂಕ್ವರ್ಟ್ ರಸ್ಟೋ ಎಂಬ ಪಂಡಿತನು ಸ್ವೀಡನ್, ತುರ್ಕಸ್ಥಾನಗಳ ನಿದರ್ಶನದಿಂದ 1970ರಲ್ಲಿ ಬರೆದುದು ಇಲ್ಲಿ ಉಪಯೋಗಕ್ಕೆ ಬರುವಂತಿದೆ. ದೇಶದಲ್ಲಿ ಸಂಪತ್ತೂ ವಿದ್ಯೆಯೂ ತುಂಬಿದ ಮೇಲೆಯೇ ಪ್ರಜಾಸತ್ತೆಯು ಬರಬೇಕೆಂಬ ನಿಯಮವಿಲ್ಲವೆಂದು ಅವನು ವಾದಿಸಿದನು. ತಾವೆಲ್ಲರೂ ಒಂದೇ ನಾಡಿನವರೆಂಬ ಭಾವನೆಯು ಮೊದಲು ನೆಲೆಗೊಂಡಿರಬೇಕು. ಆಮೇಲೆ ದೀರ್ಘವಾದ ಜಗ್ಗಾಟ. ಅದರ ಕೊನೆಯಲ್ಲಿ ಮುಂದಾಳುಗಳು ತಿಳಿದು ಮಾಡುವ ಒಂದು ನಿರ್ಧಾರ. ಕಟ್ಟಕಡೆಗೆ ಜನರಿಗೂ ನಾಯಕರಿಗೂ ಹತ್ತುವ ರೂಢಿ. ಈ ಕಡೆಯ ಮಾತೇ ನನಗೆ ಎಲ್ಲಕ್ಕಿಂತ ತೂಕದ್ದಾಗಿ ತೋರುತ್ತದೆ.

ದೊರೆಯೇ ಮುಂದಾಗಿ ಅಧಿಕಾರವನ್ನು ಬಿಟ್ಟುಕೊಟ್ಟ ಉದಾಹರಣೆಯೂ ನಮ್ಮ ನೆರೆಯಲ್ಲಿಯೇ ಉಂಟು. ಔಂಧ ಸಂಸ್ಥಾನದ ಅರಸರಾದ ಭವಾನರಾವ ಪಂತ ಪ್ರತಿನಿಧಿಗಳು ಗಾಂಧೀಜಿಯವರ ಸಲಹೆಯನ್ನು ಪಡೆದು, 1939ರ ಜನವರಿಯಲ್ಲಿ, ಹಳ್ಳಿಯ ಪಂಚಾಯತಿಯೇ ತಳಹದಿಯಾದ ರಾಜ್ಯಘಟನೆಯನ್ನು ಪ್ರಜೆಗಳಿಗೆ ಒಪ್ಪಿಸಿದರು. ಕೃಷ್ಣೆಯಾಚೆಯ ವಿಜಾಪುರ ಸೀಮೆಯ ಕನ್ನಡದ ಊರಾದ ಗುಣದಾಳವು ಆ ಸಂಸ್ಥಾನದ ಒಂದು ತುಣುಕಾಗಿತ್ತು. ಅದೇ ವರ್ಷ ರಾಮದುರ್ಗದಲ್ಲಿಯಾದರೋ ಪ್ರಜೆಗಳ ಹೋರಾಟವು ರಕ್ತಪಾತದಲ್ಲಿ ಮುಗಿಯಿತು.

ಜಮಖಂಡಿಯು ಹಿಡಿದುದು ಇವೆರಡರ ನಡುವಿನ ದಾರಿ. ಆ ಸಂಸ್ಥಾನದ ಸಾವಳಗಿಯಲ್ಲಿ, ಕಿರಾಣಿ ವ್ಯಾಪಾರದ ಮನೆಯಲ್ಲಿ, 1912ರಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು ಕೊಲ್ಹಾಪುರದಲ್ಲಿ ಕಾಯದೆಯನ್ನು ಓದಿ ಬಂದು 1940ರಲ್ಲಿ ಜಮಖಂಡಿಯ ಮುನಸಿಪಾಲಿಟಿಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರು. ಗಟಾರು, ದೀಪ, ನೀರುಗಳ ಲೆಕ್ಕಪತ್ರದಲ್ಲಿ ಮಹತ್ವವೇನಿದೆಯೆಂದು ಕೆಲವರು ಮೂಗು ಮುರಿಯಬಹುದು. ಆದರೆ ಎದುರುಪಕ್ಷದವನ ಮಾತನ್ನು ಕೊನೆಯ ವರೆಗೆ ಕೇಳುವುದೂ, ಒಂದು ಕೈ ಕಡಿಮೆ ಬಿದ್ದರೆ ಸೋಲನ್ನು ಒಪ್ಪಿ ಮನೆಗೆ ಹೋಗುವುದೂ ಇಂಥ ಚಿಕ್ಕ ಸಭೆಗಳಲ್ಲಿಯೇ ಕಲಿಯತಕ್ಕ ವಿದ್ಯೆಗಳು. ಮುಂದೆ ಜತ್ತಿಯವರು ಸಂಸ್ಥಾನದ ಶಾಸನಸಭೆಗೆ ಆರಿಸಿಬಂದು ಮಂತ್ರಿಗಳಾದರು, 1948ರಲ್ಲಿ ದಿವಾಣರು. ದೊರೆಗಳಾದ ಶಂಕರರಾವ ಪಟವರ್ಧನರೊಡನೆ ವಿರಸವಿಲ್ಲದೆ, 1948ರ ಮಾರ್ಚ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಿವಾಣಗಿರಿಯೇ ಇಲ್ಲವಾಗಲು ಜತ್ತಿಯವರು ಮರಳಿ ವಕೀಲಿಗೆ ನಿಂತರು! ಮುಧೋಳ, ಸಾಂಗಲಿ, ಔಂಧಗಳೂ ಅದೇ ದಿನ ವಿಲೀನವಾದವು.

ಖಾಲಸಾ ಮುಲುಕಿನವರು ಈ ವಿಷಯದಲ್ಲಿ ಬಹಳ ಮುಂದಿದ್ದರೆಂದು ಭಾವಿಸಬಾರದು. 1935ರ ಕಾಯದೆಯ ಮೇರೆಗೆ 1937ರಲ್ಲಿ ನಡೆದ ಚುನಾವಣೆಯಲ್ಲಿ ಮತದ ಹಕ್ಕಿದ್ದುದು ಬ್ರಿಟಿಷ ಹಿಂದುಸ್ಥಾನದ ನೂರು ಜನರಲ್ಲಿ ಸುಮಾರು 14 ಮಂದಿಗೆ. ಹೆಂಗಸರಲ್ಲಿ ಅನೇಕರಿಗೆ ಅದು ದೊರೆತುದು ಗಂಡನ ಆಸ್ತಿಯ ಬಲದಿಂದ. 1951–52ರ ಮಹಾಚುನಾವಣೆಯಲ್ಲಿಯೇ ಅರಸನ ಊರು, ಇಂಗ್ರೇಜರ ಊರು ಎಂಬ ಭೇದವಳಿದು ಪ್ರಾಯಕ್ಕೆ ಬಂದ ಗಂಡಸರೂ ಹೆಂಗಸರೂ ಸರಿಸಮವಾಗಿ ಮತವನ್ನು ಪಡೆದರು. ಓದುಬಾರದವರಿಗೆ ತೊಡಕಾಗದಂತೆ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಇಷ್ಟಾದರೂ ದೇಶದಲ್ಲಿ ಸುಮಾರು 28 ಲಕ್ಷ ಸ್ತ್ರೀಯರು ಮತದಾರರ ಯಾದಿಯಿಂದ ಹೊರಗುಳಿದರು. ಬರೆದುಕೊಳ್ಳಲು ಬಂದವರಿಗೆ ಅವರು ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಹೇಳಿದರೇ ಹೊರತು ತಮ್ಮ ಹೆಸರನ್ನು ಹೇಳಲಿಲ್ಲ. ಇವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರೆಂಬುದು ನಿಜ. ಆದರೆ ಮನೆಯ ಹೆಣ್ಣುಮಗಳನ್ನು ಹೆಸರಿನಿಂದ ಗುರುತಿಸದ ವಾಡಿಕೆಯು ನಮ್ಮಲ್ಲಿಯೂ ಇಲ್ಲದಿರಲಿಲ್ಲ.

ಜತ್ತಿಯವರು 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳು ತೀರಿಕೊಂಡುದರಿಂದ ಆ ಭಾರವು ತಾತ್ಪೂರ್ತಿಕವಾಗಿ ಇವರ ಮೇಲೆಯೇ ಬಿದ್ದಿತು. ಮಾರ್ಚ ತಿಂಗಳಲ್ಲಿ ತುರ್ತು ಪರಿಸ್ಥಿತಿಯು ರದ್ದಾದುದೂ, ಸೋತ ಸರಕಾರವು ಇಳಿದು ಗೆದ್ದವರು ಪ್ರಮಾಣವಚನವನ್ನು ಸ್ವೀಕರಿಸಿದುದೂ ಇವರ ಕಾಲದಲ್ಲಿಯೇ. ಏಪ್ರಿಲದಲ್ಲಿ ಹೊಸ ಸರಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿದಾಗ ಜತ್ತಿಯವರು ಮೊದಲು ಹಿಂದೆಗೆದರು, ಕೊನೆಗೆ ರುಜು ಹಾಕಿದರು. ಆ ಹಿಂಜರಿಕೆಯನ್ನು ಹಲವರು ಹಳಿದರು. ಮಂತ್ರಿಮಂಡಲದ ಸಲಹೆಗೆ ಮಣಿದುದೇ ಸರಿಯಾದುದೆಂದು ನನ್ನ ಅಭಿಪ್ರಾಯ.

ಇಷ್ಟು ದೂರ ಸಾಗಿದ ದಾರಿಯ ಮೊದಲಿನ ಮೆಟ್ಟಿಲು ಊರಿನ ಸಭೆಯಾಗಿತ್ತು. ಕರ್ನಾಟಕದಲ್ಲಿ 1983ರ ಕಾಯದೆಯ ಮೇರೆಗೆ 1987ರಲ್ಲಿ ಚುನಾವಣೆಗಳು ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಏರ್ಪಟ್ಟಾಗ, ನಾಲ್ಕರಲ್ಲಿ ಒಂದು ಸ್ಥಾನವನ್ನು ಹೆಂಗಸರಿಗೆ ಮೀಸಲಾಗಿಟ್ಟರು. ಈಚೆಗೆ ಅದು ಅರ್ಧಕ್ಕೇರಿತು. ಆದರೆ 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲೂಕಾ ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿದ ಬಳಿಕ, ಕ್ಷೇತ್ರಗಳ ವಿಂಗಡಣೆ, ಮೀಸಲಾತಿಗಳ ತಂಟೆಯಲ್ಲಿ ವರುಷಗಳೇ ಉರುಳಿದರೂ ಚುನಾವಣೆಯು ನಡೆಯಲಿಲ್ಲ. ಜನರು ಕೂಡಿಸಿದ ಸದಸ್ಯರು ಕುಳಿತುಕೊಳ್ಳುತ್ತಿದ್ದ ಸಭೆಗಳ ಕೆಲಸವನ್ನು ಅಧಿಕಾರಿಗಳೇ ನಡೆಸಿದರು.