ಎಲುಬು ಯಾವ ಪ್ರಾಣಿಯದು?

ಕಳೆದ ವರುಷ ಮಳೆಗಾಲ ಮುಗಿಯುತ್ತ ಬಂದ ದಿನಗಳಲ್ಲಿ, ಗಿಡಗಳ ಮಾದರಿಗಳನ್ನು ಕೂಡಿಸಲಿಕ್ಕೆ ಶಾಲೆಯ ಹಿಂದಿನ ಗುಡ್ಡಕ್ಕೆ ಹೋಗಿದ್ದ ಎಂಟನೆಯ ತರಗತಿಯ ಹುಡುಗಿಯರು ಪೊದೆಯೊಂದರ ಬುಡದಲ್ಲಿ ಪುಟ್ಟ ತಲೆಬುರುಡೆಯನ್ನು ಕಂಡು ಹೆದರಿ ಓಡಿಬಂದರು. ಅದು ಮುಷ್ಟಿಗಿಂತ ತುಸು ದೊಡ್ಡದಾಗಿ, ದುಂಡಗಾಗಿ, ನೆಟ್ಟಗೆ ಮುಂದಕ್ಕೆ ನೋಡುವ ಎರಡು ಕಣ್ಣುಗುಳಿಗಳುಳ್ಳದ್ದಾಗಿತ್ತು. ವಸತಿಗೃಹದ ಅಡುಗೆಯ ಅಜ್ಜಿಯವರು ಹೋಗಿ ನೋಡಿ, ಮೇಲ್ದವಡೆಯ ಹಲ್ಲುಗಳನ್ನು ಎಣಿಸಿ, “ಹದಿನಾರು ಉಂಟು. ಮನುಷ್ಯರದೇ ಸರಿ, ಯಾವುದೋ ಕೂಸಿನದು” ಎಂದುಬಿಟ್ಟರು. ಸಂಜೆಯೊಳಗೆ ಈ ಮಾತು ಪೇಟೆಗೆ ಮುಟ್ಟಿತು. ಗುಡ್ಡದ ಕೆಳಗೆ ಕಲ್ಲು ಒಡೆಯುವ ಕೆಲಸಕ್ಕಾಗಿ ಬಂದು ಬಿಡಾರ ಹೂಡಿದ್ದ ಪರವೂರಿನ ಕುಟುಂಬಗಳ ಮೇಲೆ ಸಂಶಯ ಹುಟ್ಟಿತು. ಕೆಲವರು ಆ ರಾತ್ರಿಯೇ ಅಲ್ಲಿಗೆ ಹೋಗಿ ಅವರ ಮಕ್ಕಳನ್ನು ಎಣಿಸಿದರಂತೆ.

ಮರುದಿನ ಬೆಳಗ್ಗೆ ನಾವು ಠಾಣೆಗೆ ತಿಳಿಸಿ, ಅವರು ಬರುವ ತನಕ ಯಾವುದನ್ನೂ ಕದಲಿಸದೆ ಬುರುಡೆಯ ಬಳಿಯಲ್ಲಿ ಕುಳಿತೆವು. ಮನುಷ್ಯನದೆಂಬ ಸಂಶಯವಿರುವ ಎಲುಬನ್ನು ಯಾರೂ ಎತ್ತಕೂಡದು. ಬೇಕಾದರೆ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆದುಕೊಳ್ಳಬಹುದು. ಕುಳಿತಲ್ಲಿಂದಲೇ ನಾವು ಕಂಡುಕೊಂಡದ್ದನ್ನು ಇಲ್ಲಿ ವಿವರಿಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತೋಟ ಗದ್ದೆಗಳಿರುವ ಮನೆಗಳಲ್ಲಿ ವಾಸವಾಗಿದ್ದಾರೆ. ಇಂಥ ಪ್ರಶ್ನೆ ಅವರ ಮಕ್ಕಳಿಂದಲೂ ಒಂದಲ್ಲ ಒಂದು ದಿನ ಬರುವುದು.

ಅಜ್ಜಿಯವರು ಹಲ್ಲನ್ನು ನೋಡಿದ್ದು ಸರಿಯೇ. ಎಲುಬುಗಳೆಲ್ಲವುಗಳಲ್ಲಿ ಹಲ್ಲುಳ್ಳ ದವಡೆಯಷ್ಟು ನಿಜ ಹೇಳುವ ಸಾಕ್ಷಿ ಬೇರೊಂದಿಲ್ಲ. ಅವರು ತಪ್ಪಿದ್ದು ಎಣಿಕೆಯನ್ನು ಮಾತ್ರ ನಂಬಿದ್ದರಿಂದ. ಬೆಳೆದ ಮನುಷ್ಯನಿಗೆ ಒಟ್ಟು 32 ಹಲ್ಲುಗಳು; ಹಸುವಿಗೂ 32, ಆಡು ಕುರಿಗಳಿಗೂ 32, ಮಂಗನಿಗೂ 32. ಬೆಕ್ಕಿಗೆ ಒಟ್ಟು 30 ಇದ್ದರೂ ಮೇಲ್ದವಡೆಯಲ್ಲಿ ಮಾತ್ರ ಎಣಿಸಿದರೆ ಅಲ್ಲಿಯೂ ಹದಿನಾರೇ! ಆದುದರಿಂದ ಹಲ್ಲು ಎಷ್ಟೆಂಬುದಕ್ಕಿಂತ ಯಾವ ಬಗೆಯ ಹಲ್ಲು ಎಲ್ಲಿದೆ, ಅದು ಎಷ್ಟು ಸವೆದಿದೆ ಎಂದು ನೋಡತಕ್ಕದ್ದು.

ಊರ ಸಮೀಪದಲ್ಲಿ ಸಿಕ್ಕುವ ಎಲುಬುಗಳಲ್ಲಿ ಹೆಚ್ಚಿನವು ದನ, ಎಮ್ಮೆ, ಆಡು, ಕುರಿ, ನಾಯಿಗಳವು. ಮೆಲುಕು ಹಾಕುವ ಪ್ರಾಣಿಗಳ ಗುರುತು ಬಹು ಸುಲಭ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ. ಕೆಳಗೆ ಮಾತ್ರ ಎಂಟು ಹಲ್ಲುಗಳು ಸಾಲಾಗಿ ನಿಂತಿರುವುವು. ಅವುಗಳ ಹಿಂದೆ ಒಂದು ಉದ್ದದ ಬರಿಯ ಜಾಗವಿದ್ದು, ಆಮೇಲೆ ಅರೆಯುವ ಹಲ್ಲುಗಳು ಬರುವುವು. ಇವುಗಳ ನೆತ್ತಿಯಲ್ಲಿ ಅರ್ಧಚಂದ್ರಾಕಾರದ ಗೆರೆಗಳನ್ನು ಕಾಣಬಹುದು. ಆಡಿನದೋ ಕುರಿಯದೋ ಎಂದು ಒಂದೇ ಎಲುಬಿನಿಂದ ಹೇಳುವುದು ಪರಿಣತರಿಗೂ ಕಷ್ಟ; ಅದರಲ್ಲಿ ಯಾರೂ ನಾಚಿಕೆಪಡಬೇಕಾಗಿಲ್ಲ. ಕಾಲಿನ ಎಲುಬೊಂದೇ ಸಿಕ್ಕಿದರೆ ಅದರ ಕೆಳತುದಿಯನ್ನು ನೋಡಿರಿ. ಗೊರಸಿನ ಮೇಲಿನ ಎಲುಬು ಎರಡು ಎಲುಬುಗಳು ಕೂಡಿ ಒಂದಾದದ್ದಾಗಿರುವುದರಿಂದ, ಮುಂಭಾಗದಲ್ಲಿ ಒಂದು ಗೀರೂ ತುದಿಯಲ್ಲಿ ಜೋಡಿ ರಾಟೆಗಳಂಥ ಎರಡು ಉಬ್ಬುಗಳೂ ಇರುವುವು. ತುದಿಯು ಗರಗಸದಿಂದ ಕೊಯ್ದಂತೆ ಸಮನಾಗಿದ್ದರೆ ಅದು ಕಸಾಯಿಯ ಅಂಗಡಿಯಿಂದ ಬಂದದ್ದು. ಯಾವ ಚಿರತೆಯೂ ಹಾಗೆ ಕೊಯ್ಯಲಾರದು.

ಕೊಂಬಿನ ವಿಷಯದಲ್ಲಿಯೂ ಮಕ್ಕಳು ಮೋಸಹೋಗುವುದುಂಟು. ದನ ಆಡುಗಳ ಕೊಂಬು ಎಲುಬಿನ ತಿರುಳಿನ ಮೇಲೆ ಕೂತ ಟೊಳ್ಳು ಕವಚ. ಅದು ಪ್ರಾಣಿಯ ಆಯುಷ್ಯವಿಡೀ ಇರುವುದು. ಜಿಂಕೆಯದು ಕವಲೊಡೆದ ಗಟ್ಟಿ ಎಲುಬೇ ಆಗಿದ್ದು ವರುಷಕ್ಕೊಮ್ಮೆ ಉದುರುವುದು. ಹೀಗಿರಲು ಕಾಡಿನಲ್ಲಿ ಜಿಂಕೆಯ ಕೊಂಬು ಸಿಕ್ಕಿದ ಮಾತ್ರಕ್ಕೆ ಅಲ್ಲಿ ಜಿಂಕೆ ಸತ್ತಿತೆಂದು ಹೇಳಲಾಗದು. ಅದರ ಮೇಲೆ ಉಳಿಯಿಂದ ಕೊರೆದಂತೆ ಒತ್ತೊತ್ತಾದ ಗೀರುಗಳಿದ್ದರೆ ಅದು ಮುಳ್ಳುಹಂದಿಯ ಕೆಲಸ.

ಮಾಂಸ ತಿನ್ನುವ ಪ್ರಾಣಿಗಳಿಗೆ ಉದ್ದದ ಕೋರೆಹಲ್ಲುಗಳೂ ಅವುಗಳ ಹಿಂದೆ ಕತ್ತರಿಯ ಅಲಗಿನಂಥ ಹಲ್ಲುಗಳೂ ಇರುವುವು. ನಾಯಿ ನರಿಗಳ ಮೂತಿ ನೀಳ, ಹಲ್ಲು 42; ಬೆಕ್ಕು ಚಿರತೆಗಳ ಮೂತಿ ಗಿಡ್ಡ, ಹಲ್ಲು 30. ಹಂದಿಗೆ 44. ಇಲಿ ಹೆಗ್ಗಣಗಳಿಗೆ ಉಳಿಯಂಥ ಮುಂಬಲ್ಲುಗಳ ಜೋಡಿ ಮೇಲೊಂದು ಕೆಳಗೊಂದು. ಹಕ್ಕಿಯ ಎಲುಬು ಕೈಗೆ ಭಾರವೇ ತಿಳಿಯದಷ್ಟು ಹಗುರ.

ಇನ್ನು ನಮ್ಮ ಗುಡ್ಡದ ಬುರುಡೆಗೆ ಬರೋಣ. ಕಣ್ಣುಗುಳಿಗಳ ಹಿಂಭಾಗವು ಎಲುಬಿನಿಂದ ಮುಚ್ಚಿತ್ತು. ನಾಯಿ ಬೆಕ್ಕುಗಳಲ್ಲಿ ಆ ಗುಳಿಯು ಹಿಂದಕ್ಕೆ ತೆರೆದಿರುವುದು. ಹಸು ಆಡುಗಳಲ್ಲಿ ಸುತ್ತಲೂ ಎಲುಬಿನ ಬಳೆಯಿದ್ದರೂ ಹಿಂದೆ ಗೋಡೆಯಿರುವುದಿಲ್ಲ. ಆದುದರಿಂದ ಮನುಷ್ಯ ಅಥವಾ ಮಂಗ, ಈ ಎರಡೇ ಉಳಿದವು. ಇಲ್ಲಿ ಅಜ್ಜಿಯವರ ಹದಿನಾರು ಹಲ್ಲುಗಳೇ ನಮಗೆ ನೆರವಾದವು. ಕೂಸಿಗೆ ಅಷ್ಟು ಹಲ್ಲುಗಳು ಎಲ್ಲಿಂದ ಬರಬೇಕು? ಮಗುವಿಗೆ ಮೊದಲು ಬರುವ ಹಾಲುಹಲ್ಲುಗಳು ಮೇಲೆ ಹತ್ತು, ಕೆಳಗೆ ಹತ್ತು, ಒಟ್ಟು ಇಪ್ಪತ್ತೇ. ಕೊನೆಯ ದವಡೆಹಲ್ಲು ಬರಬೇಕಾದರೆ ಹದಿನೇಳು ಹದಿನೆಂಟು ವರುಷವಾದರೂ ಆಗಬೇಕು. ನಮ್ಮ ಮುಂದಿದ್ದ ಬುರುಡೆಯಲ್ಲಿ ಹಿಂದಿನ ಹಲ್ಲುಗಳೆಲ್ಲವೂ ಬಂದು ಸವೆದೂ ಇದ್ದುವು. ತಲೆ ಕೂಸಿನದಕ್ಕಿಂತ ಚಿಕ್ಕದು, ಹಲ್ಲು ಮುದುಕನದು! ಮೇಲಾಗಿ, ಆಗತಾನೇ ಹುಟ್ಟಿದ ಶಿಶುವಿನ ಮೆದುಳು ಕೂಡ ಬೆಳೆದ ಮಂಗನ ಮೆದುಳಿನ ಮೂರು ಪಾಲಿಗೂ ಮಿಕ್ಕಿದ್ದು. ಎಳೆಗೂಸಿನ ತಲೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲವಾದುದರಿಂದ, ಬಯಲಲ್ಲಿ ಬಿದ್ದರೆ ಅವು ಬಿಡಿಬಿಡಿಯಾಗಿ ಚದರುವುವೇ ಹೊರತು ಹೀಗೆ ದುಂಡಗೆ ಉಳಿಯಲಾರವು.

ಉಳಿದ ಗುರುತುಗಳೂ ಇದಕ್ಕೆ ಹೊಂದಿದವು. ಹುಬ್ಬಿನ ಜಾಗದಲ್ಲಿ ಎಲುಬಿನ ದಿಂಡು, ಮುಂದಕ್ಕೆ ಚಾಚಿದ ಮೂತಿ, ನೆರೆಯ ಹಲ್ಲುಗಳಿಗಿಂತ ಬಹು ಉದ್ದವಾದ ಕೋರೆಹಲ್ಲು. ನಾಲ್ಕು ಮಾರು ದೂರದಲ್ಲಿ ಕೆಳದವಡೆಯೂ ಬಿದ್ದಿತ್ತು, ಅದಕ್ಕೆ ಗಲ್ಲವಿರಲಿಲ್ಲ. ಗಲ್ಲವೆಂಬುದು ಮನುಷ್ಯನಿಗೆ ಮಾತ್ರ ಉಂಟು. ಪೊಲೀಸಿನವರೊಂದಿಗೆ ಬಂದ ಸರಕಾರಿ ವೈದ್ಯರು ಬುರುಡೆಯನ್ನು ಮಗುಚಿ, ಬೆನ್ನುಹುರಿ ಹೊರಡುವ ರಂಧ್ರವನ್ನು ನಮಗೆ ತೋರಿಸಿದರು. ಎರಡು ಕಾಲಿನ ಮೇಲೆ ನಿಲ್ಲುವ ಮನುಷ್ಯನಲ್ಲಿ ಅದು ತಲೆಯ ಅಡಿಭಾಗದ ನಡುವೆ ಇರುವುದು. ಇದರಲ್ಲಿ ಹಿಂದಕ್ಕೆ ಸರಿದಿತ್ತು. “ಮಂಗನದು, ಗಂಡು” ಎಂದು ಅವರು ಒಂದೇ ನಿಮಿಷದಲ್ಲಿ ಹೇಳಿದರು. ಪೊಲೀಸಿನವರು ಕೆಳಗಿಳಿದು ಬಿಡಾರದವರಿಗೆ ಈ ಮಾತನ್ನು ತಿಳಿಸಿದರು. ಆದರೆ ಒಂದು ಕುಟುಂಬವು ಬೆಳಗಾಗುವ ಮೊದಲೇ ಮಕ್ಕಳನ್ನು ಕಟ್ಟಿಕೊಂಡು ಹೊರಟುಹೋಗಿತ್ತು. ಎಲ್ಲಿಗೆ ಹೋಯಿತೆಂದು ನಮಗೆ ಇಂದಿಗೂ ತಿಳಿಯದು.

ಕರಡಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಉಗುರು ಕಳಚಿ ಚರ್ಮ ಹೋದ ಕರಡಿಯ ಪಂಜವು ಮನುಷ್ಯನ ಕೈಯನ್ನು ಹೋಲುವುದರಿಂದ ಅನುಭವಸ್ಥರೂ ತಪ್ಪುವುದುಂಟು. 1994ರಲ್ಲಿ ಕರಡಿಧಾಮವಾದ ದರೋಜಿಯ ಸುತ್ತಮುತ್ತಲಿನ ನಮ್ಮ ವಿದ್ಯಾರ್ಥಿನಿಯರು ಇದನ್ನು ನೆನಪಿನಲ್ಲಿಡಲಿ.

ಮಂಗನದೆಂದು ತಿಳಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಮಲೆನಾಡಿನವರು ಪೂರ್ತಿಯಾಗಿ ನಿಶ್ಚಿಂತರಾಗಿರಲಾಗದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆಯು ಮೊದಲು ಗುರುತಿಗೆ ಬಂದದ್ದು. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ತರಗೆಲೆಗಳಲ್ಲಿ ಉಳಿದು, ಅಲ್ಲಿ ನಡೆದಾಡುವವರನ್ನು ಕಚ್ಚುವುದರಿಂದ ರೋಗ ಹಬ್ಬುವುದು. ನಮಗೆ ಸಿಕ್ಕಿದ್ದು ಬಿಸಿಲಿಗೆ ಬೆಳ್ಳಗಾದ ಹಳೆಯ ಎಲುಬು. ಹೊಸದಾಗಿ ಸತ್ತ ಮಂಗನನ್ನು ಕಂಡರೆ ಮಾತ್ರ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಇದ್ದಕ್ಕಿದ್ದಂತೆ ಸತ್ತ ದನದ ಎಲುಬನ್ನೂ ಮುಟ್ಟಕೂಡದು. ಯಾಕಂದರೆ ಅಂಥ್ರಾಕ್ಸ್ ರೋಗದ ಬೀಜಾಣುಗಳು ಹತ್ತಾರು ವರುಷ ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರುವುವು.

ಬುರುಡೆಯನ್ನು ವಿಜ್ಞಾನದ ಕೋಣೆಯಲ್ಲಿ ಇಟ್ಟುಕೊಳ್ಳೋಣವೆಂದು ಹುಡುಗಿಯರು ಬಹಳ ಕೇಳಿಕೊಂಡರು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸತ್ತು ಸಿಕ್ಕಿದ ಕಾಡುಪ್ರಾಣಿಯು ಸರಕಾರದ ಸ್ವತ್ತು. ಕೈಗೆ ಬಂದ 48 ಗಂಟೆಗಳೊಳಗೆ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸತಕ್ಕದ್ದು. ಆದುದರಿಂದ ಅದನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ಹುಡುಗಿಯರು ಬರೆದುಕೊಂಡ ಚಿತ್ರ ಮಾತ್ರ ನಮ್ಮಲ್ಲಿ ಉಳಿದಿದೆ. ಈಗ ನಮ್ಮ ಕಪಾಟಿನಲ್ಲಿ ಹಸುವಿನ ಬುರುಡೆಯೊಂದು, ಆಡಿನ ಕೆಳದವಡೆಗಳು ಮೂರು, ನಾಯಿಯದೊಂದು, ಕೋಳಿಯ ಎಲುಬುಗಳು ಇವೆ. ಕುದುರೆಯದಾಗಲಿ ಕತ್ತೆಯದಾಗಲಿ ಇಲ್ಲ. ಯಾರಲ್ಲಾದರೂ ಹಳೆಯ ದವಡೆಯೊಂದಿದ್ದರೆ, ಚೆನ್ನಾಗಿ ತೊಳೆದು ಒಣಗಿಸಿ, ಎಲ್ಲಿ ಸಿಕ್ಕಿತೆಂದು ಒಂದು ಚೀಟಿ ಬರೆದು ಕಳುಹಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.