ಸುಲ್ತಾನ್‌ಪೇಟೆ ಕಂಡ ಎರಡು ಮಾರಿಗಳು

ಬೆಂಗಳೂರಿನ ಸುಲ್ತಾನ್‌ಪೇಟೆಗೆ ಬಹಳಷ್ಟು ಜನ ಹೋಗುವುದು ಮದುವೆ ಕಾರ್ಡು ಮಾಡಿಸಲು. 2020ರಲ್ಲಿ ಕೊರೊನಾ ಕಾರಣಕ್ಕೆ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂತು. ಐವತ್ತು ಜನರನ್ನು ಕರೆಯಲು ಕಾರ್ಡು ಯಾರಿಗೆ ಬೇಕು? 'ಹಿಂದೆಂದೂ ಕಾಣದ್ದು' ಎಂದು ಊರೆಲ್ಲ ಮಾತಾಡಿಕೊಂಡಿತು. ಕಾಣದ್ದೇನಲ್ಲ, 1898ರ ಆಗಸ್ಟ್‌ನಲ್ಲಿ ಇದೇ ಪೇಟೆ ಕಂಡಿತ್ತು.

ಆಗ ಬಂದದ್ದು ಪ್ಲೇಗು, ಹುಬ್ಬಳ್ಳಿ ಕಡೆಯಿಂದ, ರೈಲಿನ ದಾರಿ ಹಿಡಿದು. ಅಕ್ಕಿಪೇಟೆ, ತರಗುಪೇಟೆಗಳ ದವಸದ ಮಂಡಿಗಳಲ್ಲಿ ಇಲಿಗೇನು ಬರ? ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಗಾಳಿ ಬೆಳಕು ಅಷ್ಟಕ್ಕಷ್ಟೆ. ಇಲಿಯ ಚಿಗಟವೇ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂ ಕರಾಚಿಯಲ್ಲಿ ತೋರಿಸಿಕೊಟ್ಟದ್ದೂ ಅದೇ ವರ್ಷ. ವೈದ್ಯಲೋಕ ಒಪ್ಪುವಷ್ಟರಲ್ಲಿ ವರ್ಷಗಳೇ ಕಳೆದವು. ಪೇಟೆಯವರು ಪ್ಲೇಗಿನಮ್ಮನಿಗೆ ಹರಕೆ ಹೊತ್ತರು, ಮನೆಗೆ ಬೀಗ ಹಾಕಿ ಬಯಲಿನ ಗುಡಿಸಲು ಸೇರಿದರು.

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲೇ, ಪ್ಲೇಗಿಗೂ ಮುಂಚೆ ಶುರುವಾಗಿತ್ತು. ಆದರೆ ಪೇಟೆ ಬಿಟ್ಟು ಹೋಗಲು ಜನರ ಮನಸ್ಸನ್ನು ಗಟ್ಟಿ ಮಾಡಿದ್ದು ಪ್ಲೇಗು. ನೇರ ರಸ್ತೆ, ಮನೆಗಳ ಹಿಂದೆ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ: ಇಕ್ಕಟ್ಟಿನ ಪೇಟೆಗೆ ಕೊಟ್ಟ ಉತ್ತರ ಅದು. ಆ ಗಲ್ಲಿಗಳಲ್ಲಿ ಈಗ ಸ್ಕೂಟರು ನಿಲ್ಲಿಸುವ, ಶೆಡ್ ಹಾಕುವ ನಾವು, ಅವು ಯಾಕೆ ಇದ್ದವು ಎಂದು ಕೇಳಿಕೊಂಡವರಲ್ಲ.

ಕೊರೊನಾ ಬಂದಾಗ ಸರ್ಕಾರ ಮೊದಲು ಕೈಗೆತ್ತಿಕೊಂಡ ಕಾನೂನೂ ಪ್ಲೇಗಿನ ಕಾಲದ್ದೇ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದೇ ವರ್ಷ ಪುಣೆಯಲ್ಲಿ ಪ್ಲೇಗಿನ ನೆಪದಲ್ಲಿ ಮನೆಮನೆ ಜಾಲಾಡಿದ ಕ್ರಮಕ್ಕೆ ಜನ ಸಿಡಿದೆದ್ದಿದ್ದರು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಕ್ಕಿ ಕೊಂದರು. ಕಾಯ್ದೆ ನೆನಪಿಟ್ಟುಕೊಂಡ ಆಡಳಿತ ಆ ಪುಣೆಯನ್ನೂ ನೆನಪಿಟ್ಟುಕೊಳ್ಳಬೇಕಿತ್ತು. ಕೊರೊನಾ ಬಂದ ಬೀದಿಗೆ ತಗಡು ಬಡಿಯುವ ಮುನ್ನ ಒಳಗಿನವರಿಗೆ ಅಕ್ಕಿ, ಹಾಲು ಹೇಗೆ ತಲುಪುತ್ತದೆ ಎಂದು ಯೋಚಿಸುವುದು ಹಾಗೆ ಕಲಿತವರು ಮಾಡುವ ಕೆಲಸ. ಇತಿಹಾಸ ಓದಿದರೆ ಮುಂದಿನ ರೋಗ ಯಾವುದೆಂದು ಗೊತ್ತಾಗುವುದಿಲ್ಲ, ನಿಜ. ಮೊದಲು ಯಾರನ್ನು ವಿಚಾರಿಸಬೇಕು ಎಂಬುದಂತೂ ಗೊತ್ತಾಗುತ್ತದೆ.

ಶಾಲೆಯಲ್ಲಿ ಮಾತ್ರ ಇತಿಹಾಸವೆಂದರೆ ಪಾಣಿಪತ್ ಕದನಗಳ ಇಸವಿ. (ಮೂರನ್ನೂ ಉರು ಹೊಡೆದೆವು, ಒಂದೂ ಕೆಲಸಕ್ಕೆ ಬರಲಿಲ್ಲ.) ಕೆಲಸಕ್ಕೆ ಬರುವ ಇತಿಹಾಸ ಕಾಲಬುಡದಲ್ಲೇ ಇದೆ: ಸುಲ್ತಾನ್‌ಪೇಟೆಯಿಂದ ವಿಕ್ಟೋರಿಯಾ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಪ್ಲೇಗಿನ ಬೆನ್ನಲ್ಲೇ, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ಆಸ್ಪತ್ರೆ ಇದು. 2020ರಲ್ಲಿ ಇದನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಅಲ್ಲಿಂದ ಚಾಮರಾಜಪೇಟೆಯೂ ದೂರವಲ್ಲ. ಮೇಷ್ಟ್ರೇ, ಒಂದು ಶನಿವಾರ ಬೆಳಿಗ್ಗೆ ಮಕ್ಕಳನ್ನು ಈ ದಾರಿಯಲ್ಲಿ ನಡೆಸಿಕೊಂಡು ಹೋಗಿ. ಪಾಣಿಪತ್ ಸೋಮವಾರಕ್ಕೆ ಇರಲಿ.