ಹಳೆಯ ಅಕ್ಷರಸಂಕೇತದಿಂದ ಯೂನಿಕೋಡಿಗೆ: ಗದುಗಿನ ಸೀಮೆಯ ಕಾವ್ಯಪಾಠಗಳ ದೃಷ್ಟಿಯಿಂದ

ಗದಗ-ಬೆಟಗೇರಿಯು ಮುದ್ರಣಕಾಶಿಯೆಂದು ಹೆಸರಾದ ಊರು. ಅಲ್ಲಿಯ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂಬುದು ಪ್ರತೀತಿ. ಅದರ ದಕ್ಷಿಣಕ್ಕಿರುವ ಲಕ್ಷ್ಮೇಶ್ವರವಾದರೋ ಪ್ರಾಚೀನ ಪುಲಿಗೆಱೆ. ಆ ಊರಿನ ತಿರುಳುಗನ್ನಡದಲ್ಲಿ ಕಾವ್ಯವನ್ನು ಬರೆದುದಾಗಿ ಪಂಪನು ಕ್ರಿ.ಶ. ೯೪೧ರ ವಿಕ್ರಮಾರ್ಜುನ ವಿಜಯದಲ್ಲಿ ಹೇಳಿಕೊಂಡಿರುವನು. ಶಿರಹಟ್ಟಿ, ಮುಂಡರಗಿಗಳನ್ನೂ ಒಳಗೊಂಡ ಈ ಸೀಮೆಯ ಸಾಹಿತ್ಯವು ಓಲೆಯಿಂದ ಕಾಗದಕ್ಕೂ, ಕಾಗದದಿಂದ ಅಚ್ಚುಮೊಳೆಗೂ, ಅಲ್ಲಿಂದ ಗಣಕಯಂತ್ರಕ್ಕೂ ಸಾಗಿಬಂದಿದೆ. ಒಂದೊಂದು ಸಂಕ್ರಮಣದಲ್ಲಿಯೂ ಪಾಠಕ್ಕೆ ಅಪಾಯವುಂಟೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ಈಗ ನಡೆಯುತ್ತಿರುವ ಅಂತಹುದೇ ಮತ್ತೊಂದು ಸಂಕ್ರಮಣದ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಳೆದ ಶತಮಾನದ ಕೊನೆಯ ದಶಕದಲ್ಲಿ ಕನ್ನಡದ ಗಣಕಾಕ್ಷರಗಳನ್ನು ರೂಪಿಸಿದವರಿಗೆ ದೊರೆತದ್ದು ಒಂದು ಅಚ್ಚಿಗೆ ೨೫೬ ಸ್ಥಾನಗಳು ಮಾತ್ರ. ಅವೂ ರೋಮನ್ ಲಿಪಿಗೆಂದು ಏರ್ಪಟ್ಟವು. ಆದುದರಿಂದ ಅವರು ಕನ್ನಡದ ಅಕ್ಷರಗಳನ್ನು ತುಂಡುಗಳಾಗಿ ಬಿಡಿಸಿ, ಆ ತುಂಡುಗಳನ್ನು ರೋಮನ್ ಅಕ್ಷರಗಳ ಪೀಠದಲ್ಲಿ ಕುಳ್ಳಿರಿಸಿದರು. ಓದುಗನ ಯಂತ್ರದಲ್ಲಿ ಅದೇ ಅಚ್ಚು ಇದ್ದರೆ ಪುಟವು ಕನ್ನಡವಾಗಿ ಕಾಣುವುದು, ಇಲ್ಲದಿದ್ದರೆ ಇಲ್ಲ. ಈ ಕೊರತೆಯನ್ನು ನೀಗಲೆಂದು ೧೯೯೭ರಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಎರಡು ಜಾಲವೀಕ್ಷಕಗಳ ನಾಲ್ಕನೆಯ ಆವೃತ್ತಿಗಳು ಪುಟದೊಡನೆ ಅಚ್ಚನ್ನೂ ಕಳುಹಿಸುವ ಉಪಾಯವನ್ನು ತಂದವು. ಇವುಗಳನ್ನು ಚಲಿಸುವ ಅಚ್ಚುಗಳೆನ್ನಬಹುದು. ಆದರೆ ಒಂದರ ಅಚ್ಚು ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ನೆಟ್‌ಸ್ಕೇಪಿನ ಪದ್ಧತಿಯು ೨೦೦೦ದಲ್ಲಿ ಬಂದ ಅದರ ಆರನೆಯ ಆವೃತ್ತಿಯಲ್ಲಿಯೇ ಕೈಬಿಟ್ಟುಹೋಯಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ೨೦೨೨ರ ಜೂನ್ ೧೫ರಂದು ನಿವೃತ್ತವಾಯಿತು. ಅಚ್ಚು ಬಾರದಿದ್ದಾಗ ಉಳಿಯುವುದು ಪೀಠ ಮಾತ್ರ. ನುಡಿ ಅಚ್ಚಿನ "ಕನ್ನಡ" ಎಂಬ ಪದವು ಆಗ ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ಸಾಲಾಗಿ, ಅದರ ನಕಾರವು ಆಂಗ್ಲ ನಾಣ್ಯದ ಪೌಂಡ್ ಗುರುತಾಗಿ ತೋರುವುದು.

ಯೂನಿಕೋಡಿನ ತತ್ತ್ವವು ಬೇರೆ. ಅದು ಆಕೃತಿಗೆ ಸಂಖ್ಯೆ ಕೊಡುವುದಿಲ್ಲ, ವರ್ಣಕ್ಕೆ ಕೊಡುತ್ತದೆ. ೧೯೯೧ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ಅದು ಸಾಮಾನ್ಯರ ಯಂತ್ರಗಳಿಗೂ ತಲಪಿತು.

ಹಾಗಾದರೆ ಹಳೆಯ ಪುಟಗಳನ್ನು ಕೋಷ್ಟಕವೊಂದರಿಂದ ಮಾರ್ಪಡಿಸಿದರೆ ಸಾಲದೆ? ಸಾಲದೆಂಬುದಕ್ಕೆ "ಧರ್ಮ" ಎಂಬ ಒಂದೇ ಪದ ಸಾಕ್ಷಿ. ನುಡಿ ಅಚ್ಚಿನಲ್ಲಿ ಇದಕ್ಕೆ ಏಳು ತುಂಡುಗಳು. ಧಕಾರವು ದಕಾರಕ್ಕೆ ಮಹಾಪ್ರಾಣದ ಗೆರೆ ಸೇರಿ ಆದದ್ದು. ಮಕಾರವು ವಕಾರಕ್ಕೆ, "ಕು" ಎಂಬಲ್ಲಿ ಉತ್ವವಾಗಿ ಬರುವ ಗೆರೆಯೇ ಸೇರಿ ಆದದ್ದು. ಅರ್ಕಾವತ್ತು ಎಲ್ಲಕ್ಕೂ ಕೊನೆ. ಮೊಳೆ ಜೋಡಿಸುವವನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸುವಂತೆಯೇ ಇದು. ಯೂನಿಕೋಡಿನಲ್ಲಿಯಾದರೋ ಉಚ್ಚಾರಣೆಯ ಕ್ರಮದಲ್ಲಿ ಧಕಾರ, ರೇಫ, ಹಲಂತಚಿಹ್ನೆ, ಮಕಾರ ಎಂದು ನಾಲ್ಕೇ. ಆದುದರಿಂದ ಪರಿವರ್ತಕವು ರೇಫವನ್ನು ಹಿಂದಕ್ಕೆ ಸರಿಸಬೇಕು. ಸಂದರ್ಭವನ್ನರಿಯದೆ ತುಂಡಿಗೆ ತುಂಡು ಬದಲಿಸಿದರೆ ಮಕಾರವು "ವು" ಆಗಿಬಿಡುವುದು.

ಇದಕ್ಕಿಂತಲೂ ಗಹನವಾದ ಹಾನಿ ಹಳಗನ್ನಡಕ್ಕೆ ಸಂಬಂಧಿಸಿದ್ದು. ಕೋಷ್ಟಕದಲ್ಲಿ ಱಕಾರ, ೞಕಾರಗಳಿಗೆ ಎಡೆಯಿಲ್ಲದಿದ್ದರೆ ಅವು ರಕಾರ, ಳಕಾರಗಳಲ್ಲಿ ಲೀನವಾಗುವುವು. ಆಗ ತಿಳಿಯುವುದೆಂಬರ್ಥದ "ಅಱಿ"ಗೂ ಕತ್ತರಿಸುವುದೆಂಬರ್ಥದ "ಅರಿ"ಗೂ, ಬದುಕೆಂಬರ್ಥದ "ಬಾೞ್"ಗೂ ಕತ್ತಿಯೆಂಬರ್ಥದ "ಬಾಳ್"ಗೂ ಭೇದವಳಿಯುವುದು. ಇಂತಹ ತಪ್ಪು ಕಣ್ಣಿಗೆ ತಪ್ಪಾಗಿ ತೋರದು. ಅದೇ ಅದರ ಅಪಾಯ. ಯೂನಿಕೋಡೂ ಇಲ್ಲಿ ಎಡವಿದೆ: ೞಕಾರಕ್ಕೆ ಅದು ಪ್ರಮಾದದಿಂದ "ಫ" ಎಂಬ ಆಂಗ್ಲ ನಾಮವನ್ನಿತ್ತಿತು; ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅದರ ನಿಯಮವಾದುದರಿಂದ ಆ ಹೆಸರು ಹಾಗೆಯೇ ಉಳಿದಿದೆ. ಹೆಸರು ತಪ್ಪಾದರೂ ಸ್ಥಾನವು ಸರಿಯಾಗಿರುವುದರಿಂದ ಬಳಕೆಗೆ ಬಾಧಕವಿಲ್ಲ.

ಆದಕಾರಣ ಪರಿವರ್ತನೆಯನ್ನು ಯಂತ್ರಕಾರ್ಯವೆಂದು ಬಗೆಯದೆ ಗ್ರಂಥಸಂಪಾದನೆಯ ಅಂಗವೆಂದೇ ಎಣಿಸತಕ್ಕದ್ದು. ಮೂಲಪುಟವನ್ನೂ ಅದರ ಅಚ್ಚನ್ನೂ ಅಳಿಸದೆ ಕಾಪಿಡಬೇಕು. ಮಾರ್ಪಟ್ಟ ಪಾಠವನ್ನು ಮರಳಿ ಹಳೆಯ ಸಂಕೇತಕ್ಕೆ ತಿರುಗಿಸಿ ಮೂಲದೊಡನೆ ಹೋಲಿಸಿದರೆ ಅಕ್ಷರಲೋಪಗಳು ಗೋಚರವಾಗುವುವು. ಹಳಗನ್ನಡ ಕಾವ್ಯವಾದರೆ ಮುದ್ರಿತ ಆವೃತ್ತಿಯೊಡನೆ ಸಾಲುಸಾಲಾಗಿ ಓದಿ ನೋಡುವುದು ಅನಿವಾರ್ಯ. ಷಟ್ಪದಿಯಲ್ಲಿ ಮಾತ್ರೆಗಳ ಲೆಕ್ಕವೂ ಪರೀಕ್ಷಕನಿಗೆ ಒದಗುವುದು.

ಕವಿರಾಜಮಾರ್ಗವು ತಿರುಳುಗನ್ನಡದ ನಾಡಿಗೆ ಎಲ್ಲೆಯಾಗಿ ಹೇಳಿದ ನಾಲ್ಕು ಊರುಗಳಲ್ಲಿ ಕಿಸುವೊೞಲು ಒಂದು, ಪುಲಿಗೆಱೆ ಮತ್ತೊಂದು. ಒಂದರ ಹೆಸರಿನಲ್ಲಿ ೞಕಾರವಿದೆ, ಇನ್ನೊಂದರಲ್ಲಿ ಱಕಾರ. ಈ ಎರಡು ಹೆಸರುಗಳೂ ಕೆಡದೆ ದಾಟಿದವೇ ಎಂದು ನೋಡುವುದು ಯಾವ ಪರಿವರ್ತಕಕ್ಕೂ ಮೊದಲ ಒರೆಗಲ್ಲಾಗಬಹುದು.